ನಾಯಿಮನೆಯಲ್ಲಿ ಮೂರು ಹೇಟೆ

ನಾಯಿಮನೆ ಕಟ್ಟುವುದು ಮನೆ ಕಾಯುವವನಿಗೆ. ಕೋಳಿಗೂಡು ಕಟ್ಟುವುದು ಊರೆಲ್ಲ ಹೊಂಚು ಹಾಕಿ ಕೂತಿರುವ ಜೀವಕ್ಕೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ನಾಲ್ಕು ಗೋಡೆ, ಇಳಿಜಾರು ಸೂರು, ಒಳಹೋಗಲು ಒಂದು ಕಂಡಿ. ಒಂದನ್ನು ಇನ್ನೊಂದು ಮಾಡಲು ಹೊರಟಾಗಲೇ ಗೊತ್ತಾಗುವುದು, ಬಾಗಿಲು, ಗಾಳಿ, ನೆಲ, ಎತ್ತರ ಎಲ್ಲವನ್ನೂ ತಿರುಗಾಮುರುಗಾ ಮಾಡಬೇಕೆಂದು.

ಚಾಮರಾಜಪೇಟೆಯ ನಮ್ಮ ಹಿತ್ತಲಲ್ಲಿ ಈ ಕೆಲಸ ಮಾಡಿಸಿದ ಮೇಲೆ ವಿಚಾರಿಸಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಬಸವನಗುಡಿಯವರು, ಮಲ್ಲೇಶ್ವರದವರು, ಶಂಕರಪುರದ ನೆಂಟರು. ಎಲ್ಲರ ಮನೆಯಲ್ಲೂ ನಾಯಿ ಸತ್ತ ಮೇಲೆ ಉಳಿದ ಖಾಲಿ ಗೂಡೊಂದಿದೆ. ಒಳಗೆ ಹಳೇ ಪೇಂಟ್ ಡಬ್ಬ, ಮುರಿದ ಹೂಕುಂಡ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡುವುದು ಮೇಲು ಅನ್ನಿಸಿತು.

ಹಿತ್ತಲು ಹೇಗೆ ಉಳಿಯಿತು

ಬೆಂಗಳೂರಿನ ನಡುವೆ ಕೋಳಿ ಸಾಕುವಷ್ಟು ಜಾಗ ಉಳಿದಿದ್ದರೆ ಅದಕ್ಕೆ ಈ ಬಡಾವಣೆಗಳ ಹುಟ್ಟೇ ಕಾರಣ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಆಗಸ್ಟ್‌ನಲ್ಲಿ ಊರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ನೇರ ರಸ್ತೆ, ಮನೆಯ ಸುತ್ತ ಗಾಳಿ ಬೆಳಕು, ಹಿಂದೆ ಕಕ್ಕಸು ಶುಚಿ ಮಾಡುವವರು ಓಡಾಡಲು ಒಂದು ಸಣ್ಣ ಓಣಿ. ಈಗ ಆ ನಿವೇಶನಗಳು ಭಾಗವಾಗಿ ಅರ್ಧಕ್ಕರ್ಧ ಅಪಾರ್ಟ್‌ಮೆಂಟ್ ಆಗಿವೆ. ಆದರೂ ಹಳೇ ಕಾಂಪೌಂಡ್ ಉಳಿದ ಕಡೆ ಒಂದು ತೆಂಗಿನ ಮರ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ನಾಯಿಮನೆ ಕಾಣಸಿಗುತ್ತವೆ.

ಇಲಿಯಿಂದ ಹರಡಿದ ರೋಗಕ್ಕೆ ಹೆದರಿ ಬೆಳೆಸಿದ ಬಡಾವಣೆಗಳು ಇವು ಎಂಬುದನ್ನು ಕೋಳಿ ಸಾಕುವವರು ಮರೆಯಬಾರದು. ಚೆಲ್ಲಿದ ಕಾಳು ಇಲಿಯನ್ನು ಕರೆಯುತ್ತದೆ, ಹೆಗ್ಗಣವನ್ನೂ ಕರೆಯುತ್ತದೆ. ಹಿಂದಿನ ಓಣಿಯ ಚರಂಡಿಯಲ್ಲಿ ಅವು ಸಂಸಾರ ಹೂಡಿಕೊಂಡೇ ಇವೆ. ಗೂಡಿನ ಬಗ್ಗೆ ಮುಂದೆ ಹೇಳುವ ಅರ್ಧ ಮಾತು ಅವುಗಳನ್ನು ದೂರ ಇಡುವುದರ ಬಗ್ಗೆಯೇ.

ಮೊದಲು ಮರ, ಆಮೇಲೆ ಬಣ್ಣ

ನಮ್ಮದು ಅಲ್ಸೇಶಿಯನ್ ನಾಯಿಗೆಂದು ಮಾಡಿಸಿದ್ದ ಮರದ ಗೂಡು. ನಾಲ್ಕಡಿ ಉದ್ದ, ಮೂರಡಿ ಅಗಲ, ಪಕ್ಕದ ಗೋಡೆ ಮೂರಡಿ ಎತ್ತರ. ಸಿಲ್ವರ್ ಓಕ್ ಹಲಗೆ, ಮೇಲೆ ತಗಡು. ಇದನ್ನು ನೋಡಲು ಬಂದ ಬಡಗಿ ನನ್ನ ಹಳೇ ವಿದ್ಯಾರ್ಥಿ. ಸ್ಕ್ರೂಡ್ರೈವರ್ ತೆಗೆದುಕೊಂಡು ಹಲಗೆಯ ಬುಡಕ್ಕೆಲ್ಲ ಚುಚ್ಚುತ್ತಾ ಹೋದ. ತುದಿ ಸಲೀಸಾಗಿ ಒಳಗೆ ಹೋದರೆ ಗೆದ್ದಲು ತಿಂದಿದೆ ಎಂದರ್ಥ. ಆ ಹಲಗೆ ಬದಲಾಯಿಸಬೇಕು. ಮೇಲೆ ಗಟ್ಟಿಯಾಗಿ ಕಂಡು ಒಳಗೆ ಟೊಳ್ಳಾದ ಹಲಗೆಯನ್ನು ಹೆಗ್ಗಣ ಒಂದೇ ರಾತ್ರಿಯಲ್ಲಿ ಕೊರೆದು ಒಳನುಗ್ಗುತ್ತದೆ.

ಆಮೇಲೆ ಬಣ್ಣ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಳೇ ಎನಾಮಲ್ ಬಣ್ಣಗಳಲ್ಲಿ ಸೀಸ ಧಾರಾಳವಾಗಿ ಇರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಗೂಡಿನ ಬಣ್ಣವನ್ನು ನಂಬುವ ಹಾಗಿಲ್ಲ. ನಾಯಿ ಗೋಡೆಯನ್ನು ತಿನ್ನುವುದಿಲ್ಲ. ಕೋಳಿ ಕಂಡದ್ದನ್ನೆಲ್ಲ ಕುಕ್ಕುತ್ತದೆ, ಸಿಪ್ಪೆಯೆದ್ದ ಬಣ್ಣವನ್ನಂತೂ ಬಿಡುವುದೇ ಇಲ್ಲ. ಹೀಗೆ ಹೊಟ್ಟೆ ಸೇರಿದ ಸೀಸ ಮೊಟ್ಟೆಗೂ ಬರುತ್ತದೆ, ಅಲ್ಲಿಂದ ಮೊಮ್ಮಕ್ಕಳ ತಟ್ಟೆಗೆ. ಒಣ ಬಣ್ಣವನ್ನು ಉಜ್ಜಿದರೆ ಅದರ ಧೂಳು ನಮ್ಮ ಮೂಗಿಗೇ ಹೋಗುತ್ತದೆ. ನೀರು ಹಾಕಿ ನೆನೆಸಿ, ಮುಖಕ್ಕೆ ಮಾಸ್ಕ್ ಕಟ್ಟಿ ಕೆರೆಯಬೇಕು. ಬಿದ್ದ ಚೂರನ್ನೆಲ್ಲ ಹಳೇ ಪೇಪರಿನಲ್ಲಿ ಒಟ್ಟು ಮಾಡಬೇಕು. ನಾವು ಒಳಭಾಗದ ಬಣ್ಣದ ಹಲಗೆಗಳನ್ನು ತೆಗೆಸಿಯೇ ಬಿಟ್ಟು ಹೊಸದು ಹಾಕಿಸಿದೆವು.

ಮಣ್ಣಿನ ಕಥೆಯೂ ಇದೇ. ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ ಪೂರ್ತಿ ನಿಂತದ್ದು 2000ದಲ್ಲಿ. ಅಲ್ಲಿಯವರೆಗೆ ಮೈಸೂರು ರಸ್ತೆ, ಬುಲ್ ಟೆಂಪಲ್ ರಸ್ತೆಯಂಥ ಕಡೆ ಓಡಾಡಿದ ಗಾಡಿಗಳ ಹೊಗೆ ರಸ್ತೆಯಂಚಿನ ಮಣ್ಣಿಗೇ ಇಳಿದಿದೆ. ಮಣ್ಣಿಗಿಳಿದ ಸೀಸ ತಾನಾಗಿ ಹೋಗುವುದಿಲ್ಲ. ಆದ್ದರಿಂದ ಗೂಡು ಮನೆಯ ಹಿಂದಿರಲಿ, ಮುಂದಿನ ಗೇಟಿನ ಪಕ್ಕ ಬೇಡ. ಮಣ್ಣಿನ ಮೇಲೆ ಅನುಮಾನವಿದ್ದರೆ ಕೋಳಿ ಓಡಾಡುವ ಕಡೆ ಅರ್ಧ ಅಡಿ ಹೊಸ ಕೆಂಪುಮಣ್ಣು ಹರಡಿಸಿ.

ನಾಯಿಯ ಉಣ್ಣೆ, ಚಿಗಟಗಳು ಹಲಗೆಯ ಸಂದಿಯಲ್ಲಿ ತಿಂಗಳುಗಟ್ಟಲೆ ಅಡಗಿರುತ್ತವೆ. ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತಿಕ್ಕಿ, ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಸಂದಿಗೆಲ್ಲ ಇಳಿಯುವಂತೆ ಸುಣ್ಣ ಬಳಿಯಬೇಕು. ಸುಣ್ಣ ಅಗ್ಗ, ಕೋಳಿಹೇನಿಗೂ ಆಗದು.

ಬಾಗಿಲಿಲ್ಲದ ಮನೆಗೆ ಬಾಗಿಲು

ನಾಯಿಮನೆಗೆ ಬಾಗಿಲೇ ಇರುವುದಿಲ್ಲ, ತೆರೆದ ಕಂಡಿ ಮಾತ್ರ. ಕೋಳಿಗೂಡಿನಲ್ಲಿ ಬಾಗಿಲೇ ಮುಖ್ಯ. ಬೆಂಗಳೂರಿನಲ್ಲಿ ಕೋಳಿಗೆ ಶತ್ರುಗಳು ಕಾಡಿನಲ್ಲಿರುವಷ್ಟೇ ಇದ್ದಾರೆ. ಹಗಲು ಹದ್ದು, ಕಾಗೆ. ಸಂಜೆಗೆ ಬೆಕ್ಕು, ಬೀದಿನಾಯಿ. ಲಾಲ್‌ಬಾಗಿನ ಕಡೆಯ ಹಿತ್ತಲುಗಳಲ್ಲಿ ಮುಂಗುಸಿ ಕಾಣಸಿಗುತ್ತದೆ. ರಾತ್ರಿಗೆ ಹೆಗ್ಗಣ. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣದು. ಕೂತಲ್ಲೇ ಕೂತಿರುತ್ತದೆ, ಓಡಲೂ ಹೋಗುವುದಿಲ್ಲ.

ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೇಳಿದರೆ ಆರು ಮೂಲೆಯ ಕಣ್ಣಿನ ತೆಳು ತಂತಿಯ ಬಲೆ ಕೊಡುತ್ತಾರೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಹೆಗ್ಗಣ ಒಳಗೆ ಬರದಂತೆ ತಡೆಯುವುದಿಲ್ಲ. ಬೇಕಾದದ್ದು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್. ಎಸ್.ಪಿ. ರಸ್ತೆಯಲ್ಲೂ ಸಿಟಿ ಮಾರ್ಕೆಟ್ ಸುತ್ತಿನ ಹಾರ್ಡ್‌ವೇರ್ ಅಂಗಡಿಗಳಲ್ಲೂ ಅಡಿ ಲೆಕ್ಕದಲ್ಲಿ ಸಿಗುತ್ತದೆ. ಮೊಳೆ ಹೊಡೆದು ನಿಲ್ಲಿಸಿದರೆ ಸಾಲದು. ಬಲೆಯ ಅಂಚಿನ ಮೇಲೆ ರೀಪರ್ ಪಟ್ಟಿ ಇಟ್ಟು ಸ್ಕ್ರೂ ಬಿಗಿಸಬೇಕು.

ಗೂಡಿನ ಮುಂದೆ ಎಂಟಡಿ ಉದ್ದ, ನಾಲ್ಕಡಿ ಅಗಲದ ಬಲೆಯ ಅಂಗಳ ಮಾಡಿಸಿದೆವು. ಹದ್ದು, ಬೆಕ್ಕಿನ ದೆಸೆಯಿಂದ ಅದರ ಮೇಲೂ ಬಲೆ. ನೆಲದಲ್ಲಿ ಬಲೆಯನ್ನು ಹೊರಮುಖವಾಗಿ ಒಂದಡಿ ಮಡಿಸಿ, ಮೇಲೆ ಕಲ್ಲುಚಪ್ಪಡಿ ಹೊದಿಸಿದೆವು. ತೋಡುವ ಪ್ರಾಣಿ ಬೇಲಿಯ ಬುಡದಲ್ಲೇ ತೋಡಲು ಶುರುಮಾಡುತ್ತದೆ; ಅಲ್ಲಿ ತಂತಿ ತಗುಲಿದರೆ ಒಂದಡಿ ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕಿಲ್ಲ.

ಬಾಗಿಲಿಗೆ ಎರಡು ಚಿಲಕ ಹಾಕಲು ಹೇಳಿದಾಗ ಬಡಗಿ ನಕ್ಕ. "ಮಿಸ್, ನಾಯಿಗೆ ಬಾಗ್ಲೇ ಬೇಡ ಅಂತಿದ್ರಿ. ಕೋಳಿಗೆ ಬ್ಯಾಂಕ್ ಲಾಕರ್ ಮಾಡಿಸ್ತಿದೀರಲ್ಲ!"

"ನಾಯಿಯನ್ನ ಯಾರೂ ತಿನ್ನಲ್ಲಪ್ಪ" ಎಂದೆ.

ಗಾಳಿಯ ಪಾಠ

ಒಳ್ಳೆಯ ನಾಯಿಮನೆ ಬೆಚ್ಚಗಿರುತ್ತದೆ. ಮೂರು ಕಡೆ ಮುಚ್ಚಿರುತ್ತದೆ. ಅದೇ ಗೂಡಲ್ಲಿ ಕೋಳಿ ಹಾಕಿದರೆ ಕಾಯಿಲೆ ಬೀಳುತ್ತವೆ. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮಗಿಂತ ನಾಲ್ಕು ಡಿಗ್ರಿ ಹೆಚ್ಚು. ಅದಕ್ಕೆ ಬೆವರುವ ಗ್ರಂಥಿ ಇಲ್ಲ. ಬಾಯಿ ತೆರೆದು ತೇಕುತ್ತಾ ಮೈ ತಣ್ಣಗೆ ಮಾಡಿಕೊಳ್ಳಬೇಕು. ಉಸಿರಿನ ತೇವ ಗೂಡಲ್ಲೇ ನಿಲ್ಲುತ್ತದೆ. ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಬಾಗಿ ಮೂಗಿಟ್ಟಾಗ ನಿಮಗೆ ಘಾಟು ತಟ್ಟಿತೆಂದರೆ ಅಲ್ಲೇ ರಾತ್ರಿಯೆಲ್ಲ ಇರುವ ಹಕ್ಕಿಯ ಶ್ವಾಸಕೋಶ ಆಗಲೇ ಕೆಡತೊಡಗಿದೆ ಎಂದರ್ಥ.

ಬೆಂಗಳೂರು ತಂಪು ಊರು ಎಂಬ ಹಳೇ ನಂಬಿಕೆಯೂ ಈಗ ನಡೆಯುವುದಿಲ್ಲ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಯಿತು. ಅಂಥ ಮಧ್ಯಾಹ್ನ ತಗಡಿನ ಕೆಳಗೆ ಏನಾಗಬಹುದೆಂದು ಯೋಚಿಸಿ.

ನಾವು ಮಾಡಿದ್ದು ಇಷ್ಟು. ಎರಡೂ ಉದ್ದ ಗೋಡೆಗಳಲ್ಲಿ ಸೂರಿನ ಕೆಳಗೇ ಅರ್ಧ ಅಡಿ ಎತ್ತರ, ಮೂರೂವರೆ ಅಡಿ ಉದ್ದದ ಕಂಡಿ ಕೊಯ್ಯಿಸಿ ಬಲೆ ಹೊಡೆಸಿದೆವು. ಲೆಕ್ಕ ಹಾಕಿದರೆ ಒಟ್ಟು ಮೂರೂವರೆ ಚದರಡಿ. ಕೋಳಿಗೆ ಒಂದು ಚದರಡಿಗಿಂತ ತುಸು ಹೆಚ್ಚು. ಬಿಸಿಗಾಳಿ ಮೇಲಿನಿಂದ ಹೊರಟುಹೋಗುತ್ತದೆ, ಕೆಳಗೆ ಕೂತ ಹಕ್ಕಿಗೆ ನೇರ ಥಂಡಿ ಹೊಡೆಯುವುದಿಲ್ಲ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದೆವು. ಸೂರನ್ನು ಎರಡೂ ಕಡೆ ಮುಕ್ಕಾಲು ಅಡಿ ಮುಂದಕ್ಕೆ ಚಾಚಿಸಿದೆವು. ಸೆಪ್ಟೆಂಬರ್, ಅಕ್ಟೋಬರ್ ಸಂಜೆಯ ಓರೆಮಳೆ ಕಂಡಿಯೊಳಗೆ ಎರಚಬಾರದು. ಬಾಗಿಲು ಪೂರ್ವಕ್ಕೆ. ವಾಸ್ತುವಿಗಾಗಿ ಅಲ್ಲ, ಮುಂಗಾರಿನ ಗಾಳಿ ನೈರುತ್ಯದಿಂದ ಬೀಸುತ್ತದೆ, ಬೆಳಗಿನ ಎಳೆಬಿಸಿಲು ಒಳಗೆ ಬಿದ್ದರೆ ಒಣಗುತ್ತದೆ.

ನಿಮ್ಮ ಗೂಡಿನ ಸೂರು ಕಲ್ನಾರಿನ ಶೀಟಾಗಿದ್ದರೆ ಅದನ್ನು ಕೊಯ್ಯಲು, ತೂತು ಹಾಕಲು ಹೋಗಬೇಡಿ. ಅದರ ಧೂಳು ಮನುಷ್ಯರ ಶ್ವಾಸಕೋಶಕ್ಕೇ ಅಪಾಯ.

ನೆಲ, ಕೂರುವ ಕೋಲು, ಮೊಟ್ಟೆಪೆಟ್ಟಿಗೆ

ನಾಯಿ ನೆಲದಲ್ಲಿ ಮಲಗುತ್ತದೆ, ಕೋಳಿ ಮೇಲೇರಿ ಮಲಗುತ್ತದೆ. ಗೂಡನ್ನು ನೆಲದ ಮೇಲೇ ಇಟ್ಟರೆ ತಳ ತೇವವಾಗುತ್ತದೆ, ಕೆಳಗೆ ಹೆಗ್ಗಣ ಬಿಲ ಮಾಡುತ್ತದೆ. ನಾಲ್ಕು ಮೂಲೆಗೆ ಹಾಲೋ ಬ್ಲಾಕ್ ಜೋಡಿಸಿ ಒಂದೂವರೆ ಅಡಿ ಎತ್ತರಿಸಿದರೆ ಕೆಳಗೆ ಪೊರಕೆ ಆಡುತ್ತದೆ. ಮಧ್ಯಾಹ್ನ ಕೋಳಿಗಳಿಗೆ ಅದೇ ನೆರಳು. ಹತ್ತಿ ಇಳಿಯಲು ಅಡ್ಡಪಟ್ಟಿ ಹೊಡೆದ ಒಂದು ಹಲಗೆ.

ಒಳಗೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು ಹರಡಬೇಕು. ನಮಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಹತ್ತಿರವಾದ್ದರಿಂದ ಮರ ಹೆರೆದ ಸಿಪ್ಪೆ ಚೀಲಗಟ್ಟಲೆ ಸಿಗುತ್ತದೆ. ನುಣ್ಣನೆಯ ಮರದಪುಡಿಗಿಂತ ಸಿಪ್ಪೆ ವಾಸಿ. ಪುಡಿ ಧೂಳೆದ್ದು ಹಕ್ಕಿಯ ಮೂಗಿಗೆ ಹೋಗುತ್ತದೆ. ವಾರಕ್ಕೆರಡು ಸಲ ಕೈಗುದ್ದಲಿಯಿಂದ ಕೆದಕಿ ಮೇಲೆ ಒಂದು ಹಿಡಿ ಸುಣ್ಣದ ಪುಡಿ ಉದುರಿಸಬೇಕು. ಒಣಗಿದ್ದರೆ ವಾಸನೆಯಿಲ್ಲ, ಒದ್ದೆಯಾದರೆ ನೊಣ. ಇಷ್ಟೇ ರಹಸ್ಯ.

ಕೂರುವ ಕೋಲು ಎರಡಿಂಚು ಅಗಲದ ಮರದ ಪಟ್ಟಿಯಾಗಿರಲಿ, ಅಂಚು ಉರುಟಾಗಿರಲಿ. ನುಣುಪಾದ ಪಿವಿಸಿ ಪೈಪಿನಲ್ಲಿ ಕಾಲು ಜಾರುತ್ತದೆ. ಹಕ್ಕಿಗೆ ಎಂಟರಿಂದ ಹತ್ತು ಇಂಚು ಜಾಗ ಬೇಕು. ಮೂರಡಿಯ ಕೋಲಿನಲ್ಲಿ ಮೂವರೂ ಆರಾಮ. ತೂಕದ ತಳಿಗೆ ಎತ್ತರ ಒಂದಡಿ ಸಾಕು, ಹೆಚ್ಚು ಎತ್ತರದಿಂದ ಧುಮುಕಿ ಪಾದಕ್ಕೆ ಗಾಯವಾಗುತ್ತದೆ. ಮೊಟ್ಟೆಪೆಟ್ಟಿಗೆ ಕೋಲಿಗಿಂತ ಕೆಳಗಿರಬೇಕು. ಮೇಲಿದ್ದರೆ ಕೋಳಿಗಳು ರಾತ್ರಿ ಅಲ್ಲೇ ಮಲಗಿ, ಅಲ್ಲೇ ಹಿಕ್ಕೆ ಹಾಕಿ, ಬೆಳಿಗ್ಗೆ ಅದರಲ್ಲೇ ಮೊಟ್ಟೆ ಇಡುತ್ತವೆ. ಒಂದಡಿ ಉದ್ದ, ಒಂದಡಿ ಅಗಲದ ಪೆಟ್ಟಿಗೆಯೊಂದು ನಾಲ್ಕು ಹೇಟೆಗೆ ಸಾಕು. ಮಾರ್ಕೆಟ್ಟಿನ ಹಣ್ಣಿನ ಪೆಟ್ಟಿಗೆಯನ್ನೇ ಕೊಯ್ದು ಒಣಹುಲ್ಲು ಹಾಕಿಟ್ಟಿದ್ದೇವೆ.

ಕೊನೆಯದಾಗಿ, ಸೂರಿನ ಒಂದು ಪಕ್ಕ ಎತ್ತಲು ಬರುವಂತೆ ಹಿಂಜ್ ಹಾಕಿಸಿ. ನಾಯಿಮನೆಯೊಳಗೆ ನಾವು ಕೈಹಾಕುವುದೇ ಅಪರೂಪ. ಕೋಳಿಗೂಡಿಗೆ ದಿನವೂ ಕೈ ಹೋಗಬೇಕು, ತಿಂಗಳಿಗೊಮ್ಮೆ ಅರ್ಧ ಮೈಯೇ ಹೋಗಬೇಕು. ಅರವತ್ತು ದಾಟಿದವರು ಮಂಡಿಯೂರಿ ತೆವಳುವಂತೆ ಮಾಡಿದರೆ ಗೂಡು ಶುಚಿಯಾಗುವುದಿಲ್ಲ.

ಯಾವ ಕೋಳಿ, ಎಷ್ಟು ಕೋಳಿ

ಹನ್ನೆರಡು ಚದರಡಿ ನೆಲ, ಮೂವತ್ತೆರಡು ಚದರಡಿ ಅಂಗಳ. ಹೊಟ್ಟಿನ ನೆಲದಲ್ಲಿ ಹಕ್ಕಿಗೆ ಎರಡರಿಂದ ಎರಡೂವರೆ ಚದರಡಿ ಎಂದು ಲೆಕ್ಕ. ದೊಡ್ಡ ತಳಿಗೆ ಇನ್ನಷ್ಟು. ಪೆಟ್ಟಿಗೆ, ನೀರಿನ ಡಬ್ಬ ಕಳೆದರೆ ಮೂರು ಹೇಟೆಗೆ ಧಾರಾಳ, ನಾಲ್ಕಕ್ಕೆ ಬಿಗಿ. ಒಂದೇ ಕೋಳಿ ಮಾತ್ರ ಬೇಡ; ಗುಂಪಿನಲ್ಲಿ ಬಾಳುವ ಹಕ್ಕಿ ಅದು, ಒಂಟಿಯಾದರೆ ಮಂಕಾಗುತ್ತದೆ.

ತಳಿಗೆ ನಾವು ದೂರ ಹೋಗಬೇಕಾಗಿಲ್ಲ. ಹಿತ್ತಲ ಸಾಕಣೆಗೆಂದೇ ಗಿರಿರಾಜ ಹುಟ್ಟಿದ್ದು ಇದೇ ಊರಿನ ಹೆಬ್ಬಾಳದಲ್ಲಿ, ಕೃಷಿ ವಿಶ್ವವಿದ್ಯಾಲಯದ ಕೋಳಿ ವಿಜ್ಞಾನ ವಿಭಾಗದಲ್ಲಿ, 1989ರಲ್ಲಿ. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹೆಚ್ಚು ಮೊಟ್ಟೆ ಇಡುವ ತಳಿ, ವರ್ಷಕ್ಕೆ 180ರ ಆಸುಪಾಸು. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯ ಕಾವೇರಿಯೂ ಹಿತ್ತಲಿಗೆ ಒಗ್ಗುತ್ತದೆ. ಇವೆಲ್ಲ ನಾವು ತಿನ್ನುವ ಕಾಳು, ಸೊಪ್ಪು, ಹುಳ ತಿಂದು ಬಾಳಬಲ್ಲವು. ಫಾರಂನ ಬಿಳಿ ಕೋಳಿ ವರ್ಷಕ್ಕೆ ಮುನ್ನೂರು ಇಡುತ್ತದೆ ನಿಜ. ಆದರೆ ಅದಕ್ಕೆ ಫಾರಂನ ಆಹಾರ, ಫಾರಂನ ಆರೈಕೆ ಎರಡೂ ಬೇಕು.

ಒಂದು ದಿನದ ಪಿಳ್ಳೆ ಕೊಳ್ಳಬೇಡಿ. ಗಂಡು ಹೆಣ್ಣು ಬೇರ್ಪಡಿಸದೆ ಕೊಟ್ಟ ಮರಿಗಳಲ್ಲಿ ಅರ್ಧ ಹುಂಜವಾಗುತ್ತವೆ. ರಾಣಿಖೇತ್ ರೋಗಕ್ಕೆ ಮೊದಲ ಲಸಿಕೆಯನ್ನು ವಾರದೊಳಗೆ, ಇನ್ನೊಂದನ್ನು ಆರರಿಂದ ಎಂಟನೇ ವಾರದಲ್ಲಿ ಹಾಕಬೇಕು. ಆ ಲಸಿಕೆ ನೂರಾರು ಹಕ್ಕಿಗೆ ಆಗುವ ಶೀಶೆಯಲ್ಲಿ ಬರುತ್ತದೆ, ಒಡೆದರೆ ಅವತ್ತೇ ಮುಗಿಸಬೇಕು. ಮೂರು ಹಕ್ಕಿಗೆ ಅದು ಆಗದ ಮಾತು. ಲಸಿಕೆ ಹಾಕಿಸಿ ಬೆಳೆಸಿದ ಮೂರು ನಾಲ್ಕು ತಿಂಗಳ ಹೇಟೆಗಳನ್ನೇ ತನ್ನಿ.

ಬೆಳಕಿನ ಬಗ್ಗೆಯೂ ಒಂದು ಮಾತು. ಮೊಟ್ಟೆ ಚೆನ್ನಾಗಿ ಬರಲು ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮಲ್ಲಿ ಜೂನ್‌ನ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರ್‌ನಲ್ಲಿ ಹನ್ನೊಂದೂವರೆಗಿಂತ ಕಡಿಮೆ. ಧನುರ್ಮಾಸದಲ್ಲಿ ಮೊಟ್ಟೆ ಇಳಿದರೆ ಗಾಬರಿ ಬೇಡ. ಒಂದು ಸಣ್ಣ ಬಲ್ಬ್ ಹಾಕಿ ಹಗಲನ್ನು ಹಿಗ್ಗಿಸಬಹುದು. ನಾವು ಹಾಕಿಲ್ಲ, ಅವೂ ವಿಶ್ರಾಂತಿ ತೆಗೆದುಕೊಳ್ಳಲಿ.

ಪಕ್ಕದ ಮನೆ

ಹಳೇ ಬಡಾವಣೆಯಲ್ಲಿ ಗೂಡು ಕಟ್ಟುವುದಕ್ಕಿಂತ ಕಷ್ಟದ ಕೆಲಸ ಗೋಡೆಯಾಚೆಯವರನ್ನು ಒಪ್ಪಿಸುವುದು. ನಮ್ಮ ಪಕ್ಕದಲ್ಲಿ ಮಡಿಯ ಮನೆ. ಹಲಗೆ ಕೊಯ್ಯುವ ಸದ್ದು ಕೇಳಿ ಅಲ್ಲಿನ ಅಜ್ಜಿ ಮಹಡಿಯಿಂದಲೇ ಕೂಗಿದರು: "ಏನಮ್ಮಾ, ಕೋಳಿ ಸಾಕ್ತೀಯಂತೆ? ಬೆಳಗಿನ ಜಾವ ಕೂಗಿದ್ರೆ ಏನ್ ಗತಿ?"

"ಹುಂಜ ತರಲ್ಲ ಅಜ್ಜಿ. ಬರೀ ಹೇಟೆ" ಎಂದೆ.

"ಹುಂಜ ಇಲ್ದೆ ಮೊಟ್ಟೆ ಹ್ಯಾಗಿಡತ್ತೆ?"

ಈ ಪ್ರಶ್ನೆ ನನ್ನ ತರಗತಿಯಲ್ಲೂ ಪ್ರತಿವರ್ಷ ಬರುತ್ತಿತ್ತು. ಹೇಟೆ ತನ್ನಷ್ಟಕ್ಕೆ ಸುಮಾರು 25 ಗಂಟೆಗೊಂದು ಮೊಟ್ಟೆ ರೂಪಿಸಬಲ್ಲದು. ಹುಂಜ ಬೇಕಾಗುವುದು ಮರಿಯಾಗಲು ಮಾತ್ರ. ಅಂಗಡಿಯ ಮೊಟ್ಟೆಯೂ ಹುಂಜದ ಮುಖ ಕಾಣದ ಕೋಳಿಯದೇ. ಅದರಲ್ಲಿ ಮರಿಯ ಜೀವವಿರುವುದಿಲ್ಲ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುತ್ತದೆಂದು ನಂಬಿ ಊರು ಬಿಟ್ಟ ಮುದುಕಿಯ ಕಥೆ ನಾವೆಲ್ಲ ಕೇಳಿದವರೇ. ನಗರದಲ್ಲಿ ಹುಂಜ ಸಾಕಿದರೆ ಊರು ಬಿಡುವ ಸರದಿ ನಮ್ಮದಾಗುತ್ತದೆ. ಹೇಟೆಯ ಸದ್ದು ಮೊಟ್ಟೆ ಇಟ್ಟ ಮೇಲೆ ಒಂದೆರಡು ನಿಮಿಷ, ಅದೂ ಹಗಲು ಹೊತ್ತಿನಲ್ಲಿ. ಅಜ್ಜಿಗೆ ಮೊಟ್ಟೆ ಬೇಡ. ಒಣಎಲೆಯ ಜೊತೆ ಕೆಲವು ತಿಂಗಳು ಕೊಳೆಸಿದ ಕೋಳಿಗೊಬ್ಬರ ಮಾತ್ರ ಅವರ ಗುಲಾಬಿ ಕುಂಡಗಳಿಗೆ ಹೋಗುತ್ತದೆ. ಹಸಿ ಹಿಕ್ಕೆಯನ್ನು ನೇರ ಹಾಕಿದರೆ ಬೇರು ಸುಡುತ್ತದೆ, ಕೊಡುವ ಮೊದಲು ಕಳಿಯಲು ಬಿಡಿ. ಬಾಡಿಗೆ ಮನೆಯವರು ಮಾಲೀಕರನ್ನೂ, ಎಲ್ಲರೂ ಪಾಲಿಕೆಯ ಪಶುಪಾಲನಾ ವಿಭಾಗವನ್ನೂ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಹಕ್ಕಿಜ್ವರದ ಬಗ್ಗೆ ಉಡಾಫೆ ಸಲ್ಲದು. 2012ರಲ್ಲಿ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲೇ ಅದು ಕಾಣಿಸಿಕೊಂಡಿತ್ತು, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಬಂತು. ರೋಗ ಖಚಿತವಾದರೆ ಸುತ್ತಲ ಒಂದು ಕಿಲೋಮೀಟರ್ ಸೋಂಕಿನ ವಲಯ; ಅದರೊಳಗಿನ ಸಾಕುಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ಹಿತ್ತಲಿನವೂ ಸೇರಿ. ಕಾಡುಹಕ್ಕಿ ಬಂದು ಮುಟ್ಟದಂತೆ ಆಹಾರ, ನೀರು ಬಲೆಯೊಳಗೇ ಇರಲಿ. ಕೋಳಿ ಮುಟ್ಟಿದ ಕೈ ಸೋಪು ಕಾಣಲಿ. ಇದ್ದಕ್ಕಿದ್ದಂತೆ ಹಕ್ಕಿ ಸತ್ತರೆ ಹೂಳಿ ಸುಮ್ಮನಾಗದೆ ಪಶುವೈದ್ಯರಿಗೆ ತಿಳಿಸಿ.

ಲೆಕ್ಕಾಚಾರ

ಹೇಟೆಯೊಂದು ದಿನಕ್ಕೆ ಸುಮಾರು 120 ಗ್ರಾಂ ಆಹಾರ ತಿನ್ನುತ್ತದೆ. ಮೂರಕ್ಕೆ ವರ್ಷಕ್ಕೆ 131 ಕಿಲೋ. ವರ್ಷಕ್ಕೆ 180ರಂತೆ ಮೂರು ಸೇರಿ 540 ಮೊಟ್ಟೆ ಎಂದಿಟ್ಟುಕೊಳ್ಳಿ. ಒಂದು ಮೊಟ್ಟೆಗೆ ಹೆಚ್ಚುಕಡಿಮೆ ಕಾಲು ಕಿಲೋ ಕಾಳು. ಗಾಂಧಿಬಜಾರಿನಲ್ಲೋ ಮಾರ್ಕೆಟ್ಟಿನಲ್ಲೋ ಉಳಿದ ಸೊಪ್ಪಿನ ಕಂತೆ, ಮನೆಯ ರಾಗಿ, ತೋಟದ ಹುಳ ಸ್ವಲ್ಪ ಉಳಿಸುತ್ತವೆ. ಆದರೂ ಬಡಗಿಯ ಕೂಲಿ, ಬಲೆಯ ದುಡ್ಡು ಸೇರಿಸಿದರೆ ಅಂಗಡಿ ಮೊಟ್ಟೆಯೇ ಅಗ್ಗ. ಎರಡನೇ ವರ್ಷ ದಾಟಿದ ಮೇಲೆ ಮೊಟ್ಟೆ ಇಳಿಯುತ್ತಾ ಹೋಗುತ್ತದೆ, ಕೋಳಿ ಮಾತ್ರ ಇನ್ನೂ ನಾಲ್ಕೈದು ವರ್ಷ ಬಾಳಬಹುದು. ಆಗ ಅವನ್ನು ಏನು ಮಾಡುತ್ತೀರೆಂದು ತರುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಅವು ಮುಪ್ಪಿನವರೆಗೂ ಇರುತ್ತವೆ ಎಂದು ತೀರ್ಮಾನವಾಗಿದೆ.

ಅಗ್ಗದ ಮೊಟ್ಟೆಗಾಗಿ ಈ ಕೆಲಸಕ್ಕೆ ಇಳಿಯಬೇಡಿ. ತಿಂದ ಮೊಟ್ಟೆ ಎಲ್ಲಿಂದ ಬಂತೆಂದು ಮೊಮ್ಮಕ್ಕಳು ಕಣ್ಣಾರೆ ಕಾಣಬೇಕೆನ್ನುವವರು, ಅಡುಗೆಮನೆಯ ಸೊಪ್ಪುಸದೆ ಹಿತ್ತಲಲ್ಲೇ ಕರಗಲಿ ಎನ್ನುವವರು ಇಳಿಯಬಹುದು. ಮೊದಲು ಪಕ್ಕದ ಮನೆಯವರನ್ನು ಕೇಳಿ, ಆಮೇಲೆ ಬಡಗಿಯನ್ನು ಕರೆಯಿರಿ, ಕೋಳಿಯನ್ನು ಕೊನೆಗೆ ತನ್ನಿ. ಇನ್ನು ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ತಲೆ ಎಣಿಸಿ ಚಿಲಕ ಹಾಕುವವರು ಮನೆಯಲ್ಲಿ ಯಾರೂ ಇಲ್ಲವೆಂದರೆ ನಾಯಿಮನೆಯನ್ನು ಗುಜರಿಯವನಿಗೆ ಕೊಟ್ಟುಬಿಡಿ. ಕೋಳಿಗಳಿಗೆ ಅದೇ ಉಪಕಾರ.